ಕಸ್ತೂರಮ್ಮನವರ ದಾಂಪತ್ಯ ಭಂಡಾರ

ಕಸ್ತೂರಮ್ಮನವರಿಗೆ ಪಿಸುಮಾತು ಬಾರದು. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ನೋವಿನ ಕೂಗುಗಳನ್ನೂ ಹಸುಗೂಸುಗಳ ಅಳುವನ್ನೂ ವರಾಂಡದಲ್ಲಿ ಜಗಳವಾಡುವ ಬೀಗರ ಗದ್ದಲವನ್ನೂ ಮೀರಿ ಕೇಳಿಸುವಂತೆ ಮಾತನಾಡಿ ಮಾತನಾಡಿ, ಅವರ ಕಂಠದಲ್ಲಿ ಏರುಶ್ರುತಿಯೊಂದೇ ಉಳಿದುಕೊಂಡಿದೆ. ಗುಟ್ಟು ಹೇಳಬೇಕಾದಾಗ ಅವರು ದನಿ ತಗ್ಗಿಸುವುದಿಲ್ಲ. ಹತ್ತಿರ ಬರುತ್ತಾರೆ, ಅಷ್ಟೆ. ಬಂದು ಅದೇ ದನಿಯಲ್ಲಿ ಕಿವಿಯ ಪಕ್ಕದಲ್ಲಿ ಹೇಳುತ್ತಾರೆ.

ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಎರಡು ವರ್ಷದ ಹಿಂದೆ ನಡೆದದ್ದನ್ನು ನೆನೆದರೆ ನನ್ನ ಕಿವಿ ಈಗಲೂ ಬಿಸಿಯಾಗುತ್ತದೆ. ನಾನು ಹಿಂದಿನ ಸೀಟಿನಲ್ಲಿದ್ದೆ, ಅವರು ಮುಂದೆ, ಡ್ರೈವರನ ಬೆನ್ನಿಗೆ. ನಡುವೆ ಎಪ್ಪತ್ತು ಮಂದಿ, ಅರ್ಧದಷ್ಟು ಜನ ನಿಂತವರು. ಅವರು ಹೇಗೋ ನನ್ನನ್ನು ಕಂಡರು. ಕಂಡವರೇ ಸೀಟಿನ ಮೇಲಿನ ಕಂಬಿ ಹಿಡಿದು ಎದ್ದುನಿಂತು ಕೇಳಿದರು:

“ಮೇಷ್ಟ್ರೇ, ಲೂಬ್ರಿಕೆಂಟಿಗೆ ಕನ್ನಡದಾಗೆ ಏನಂತಾರ್ರೀ?”

ನಾನು ಕಿಟಕಿಯ ಹೊರಗೆ ನೋಡಿದೆ. ನಿವೃತ್ತ ಕನ್ನಡ ಅಧ್ಯಾಪಕನೊಬ್ಬ ಹೆದ್ದಾರಿಯ ಬದಿಯ ಮೆಕ್ಕೆಜೋಳವನ್ನು ಅಷ್ಟು ಏಕಾಗ್ರತೆಯಿಂದ ಹಿಂದೆಂದೂ ನೋಡಿರಲಾರ. ಕಂಡಕ್ಟರು ಉಪಕಾರಬುದ್ಧಿಯಿಂದ, “ಕೀಲೆಣ್ಣೆ ಅಂತಾರಮ್ಮ,” ಎಂದ.

“ಅದು ಗಾಡಿಗಪ್ಪ,” ಎಂದರು ಕಸ್ತೂರಮ್ಮ. “ನಾನು ಕೇಳಿದ್ದು ಹೆಂಗಸರಿಗೆ.”

ದಾವಣಗೆರೆ ಬರುವವರೆಗೆ ಕಂಡಕ್ಟರು ಚೀಲದ ಚಿಲ್ಲರೆಯನ್ನೇ ಎಣಿಸಿದ.

ಅವರ ಪರಿಚಯ ನನಗಾದದ್ದು ಅದಕ್ಕೆ ಮೂರು ವಾರ ಮೊದಲು. ಸ್ಥಳೀಯ ಪತ್ರಿಕೆಯೊಂದರಲ್ಲಿ ನಾನು ವಾರಕ್ಕೊಮ್ಮೆ ಪದಗಳ ಹುಟ್ಟು, ಅರ್ಥ, ಅಲೆದಾಟಗಳ ಕುರಿತು ಬರೆಯುತ್ತಿದ್ದೆ. ಅದನ್ನು ಓದಿ ವಿದ್ಯಾನಗರದ ನಮ್ಮ ಮನೆ ಹುಡುಕಿಕೊಂಡು ಬಂದವರು ಆತನಕ ಇಬ್ಬರೇ. ಒಬ್ಬರು ತಪ್ಪು ತೋರಿಸಲು, ಇನ್ನೊಬ್ಬರು ತಮ್ಮ ಕವನಸಂಕಲನಕ್ಕೆ ಮುನ್ನುಡಿ ಕೇಳಲು. ಮೂರನೆಯವರು ಕಸ್ತೂರಮ್ಮ. ಅರವತ್ತೆರಡರ ವಯಸ್ಸು, ಗಿಡ್ಡ ಮೈಕಟ್ಟು, ಬಿಳಿ ಕೂದಲಿನ ಬಿಗಿಯಾದ ಗಂಟು; ಇಳಕಲ್ ಸೀರೆಯ ಮೇಲೆ ಗಂಡಸರ ನೀಲಿ ಕೋಟು. ಹರಿಹರದಲ್ಲಿ ಎಂದೋ ಬಾಗಿಲು ಮುಚ್ಚಿದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವರ ಯಜಮಾನರದು ಅದು. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕೋಟಿನ ಜೇಬುಗಳು ಚೆನ್ನಾಗಿವೆಯೆಂಬ ಏಕೈಕ ಕಾರಣಕ್ಕೆ ತಾವು ಅದನ್ನು ತೊಡುವುದಾಗಿ ಅವರು ಎಲ್ಲರಿಗೂ ಹೇಳುತ್ತಿದ್ದರು, ಯಾರೂ ಕೇಳದಿದ್ದರೂ. ನಡಿಗೆಯಂತೂ ವಾರ್ಡಿನ ಕೊನೆಯ ಮಂಚದಲ್ಲಿ ಯಾರಿಗೋ ಏನೋ ಆಗಿದೆಯೆಂದು ಹೊರಟವರ ನಡಿಗೆ: ತಲೆ ಮುಂದೆ, ಕಾಲು ಆಮೇಲೆ, ದಾರಿಯಲ್ಲಿ ನಿಂತವರು ತಾವಾಗಿಯೇ ಸರಿಯಬೇಕು. ಯಾರು ಏನು ಹೇಳಿದರೂ ಅವರ ಮೊದಲ ಪ್ರಶ್ನೆ ಒಂದೇ: “ಎಷ್ಟು ದಿನದಿಂದ?” ಮಂಡಿನೋವಿಗೂ ಅದೇ, ಕರೆಂಟು ಹೋದದ್ದಕ್ಕೂ ಅದೇ, ಸೊಸೆಯ ಸಿಟ್ಟಿಗೂ ಅದೇ. ನಾನು ನಿವೃತ್ತನೆಂದು ಹೇಳಿದಾಗಲೂ ಹಾಗೆಯೇ ಕೇಳಿದರು, ಆ ರೋಗ ನನಗೆ ತಗುಲಿ ಎಷ್ಟು ದಿನವಾಯಿತೆಂಬಂತೆ.

ಹರಿಹರದ ತಮ್ಮ ಮನೆಯ ಮುಂಗೋಣೆಯಲ್ಲಿ ಅವರು ಒಂದು ಅಂಗಡಿ ಇಟ್ಟಿದ್ದರು. ಅದರ ಹೆಸರು ‘ಕಸ್ತೂರಿ ದಾಂಪತ್ಯ ಭಂಡಾರ’. ಹೆಸರು ಕೇಳಿದವರಿಗೆ ಬೇಳೆ, ಬೆಲ್ಲ, ಕೊಬ್ಬರಿ ಸಿಗುವ ಜಾಗವೆಂದು ತೋರಬೇಕು. ಅಲ್ಲಿದ್ದದ್ದು ನಿರೋಧ್, ಹಲವು ಬಗೆಯ ಮುಲಾಮು ಮತ್ತು ಜೆಲ್ಲುಗಳು, ಹೆರಿಗೆಯಿಂದ ಸಡಿಲಾದ ಸ್ನಾಯುಗಳನ್ನು ಬಿಗಿಗೊಳಿಸುವ ಸಾಧನಗಳು, ಮತ್ತು ಬ್ಯಾಟರಿಯಿಂದ ನಡೆಯುವ ಕೆಲವು ವಸ್ತುಗಳು. ಆ ಕೊನೆಯವುಗಳ ಬಳಕೆಯನ್ನು ಅವರು ಥರ್ಮಾಮೀಟರ್ ತೋರಿಸುವವರ ನಿರ್ವಿಕಾರ ಭಾವದಿಂದ ವಿವರಿಸತೊಡಗಿದಾಗ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗಿದ್ದೆ.

“ನಗಬ್ಯಾಡ್ರಿ ಮೇಷ್ಟ್ರೇ,” ಎಂದಿದ್ದರು, ನಾನು ನಗದೇ ಇದ್ದರೂ. “ಕುಕ್ಕುವಾಡದ ದುರುಗವ್ವ ಅಂತ ಒಬ್ಳಿದ್ಲು. ನಲವತ್ತೆಂಟು ವಯಸ್ಸು. ಮುಟ್ಟು ನಿಂತ ಮ್ಯಾಲೆ ಗಂಡ ಹತ್ರ ಬಂದ್ರೆ ನೋವು. ಬಾಯಿಬಿಟ್ಟು ಹೇಳಲಿಲ್ಲ. ಯಾರೋ ಮಾಟ ಮಾಡ್ಸಿದಾರೆ ಅಂತ ಏಳು ಅಮಾಸಿ ಉಕ್ಕಡಗಾತ್ರಿ ಗುಡಿಗೆ ನಡ್ಕಂಡು ಹೋದ್ಲು. ಅಷ್ಟ್ರಾಗೆ ಗಂಡ ಇನ್ನೊಬ್ಳನ್ನ ತಂದ್ಕಂಡ. ನನ್ನ ಹತ್ರ ಬಂದಿದ್ದು ಆಮ್ಯಾಲೆ, ಬಿಪಿ ಮಾತ್ರೆಗೆ. ಇನ್ನೂರು ರೂಪಾಯಿ ಟ್ಯೂಬಿನಾಗೆ ಹೋಗೋ ನೋವು. ಇನ್ನೂರು ರೂಪಾಯಿ ಟ್ಯೂಬಿಗೆ ಒಂದು ಸಂಸಾರ ಹೋತು.”

ಅಂಗಡಿಗೆ ಬರುವವರು ಮಾತ್ರ ಇರಲಿಲ್ಲ. ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ ನಡೆದು, ಬೋರ್ಡು ಓದಿ, ಒಳಗೆ ನೀಲಿ ಕೋಟಿನಾಕೆಯನ್ನು ಕಂಡು, ಆಕೆ “ಬರ್ರಿ, ಒಳಗ್ ಬರ್ರಿ, ಏನಾಗಿತ್ತು?” ಎಂದು ಇಡೀ ಬೀದಿಗೆ ಕೇಳಿಸುವಂತೆ ಕರೆದೊಡನೆ ಓಡಿದವರ ಸಂಖ್ಯೆ ಕಡಿಮೆಯದಲ್ಲ. ಹಾಗಾಗಿ ವೆಬ್‌ಸೈಟು ಮಾಡಿಸಿದರು. ಫೋನಿನಲ್ಲಿ ಕೇಳಿದರೆ ಹೆಸರಿಲ್ಲದ ಪೆಟ್ಟಿಗೆಯಲ್ಲಿ ಕೊರಿಯರ್ ಮಾಡುವ ಏರ್ಪಾಡು. ವೆಬ್‌ಸೈಟು ಮಾಡಿಕೊಟ್ಟವಳು ಮುಬಶ್ಶಿರಾ. ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಎರಡು ಕಂಪ್ಯೂಟರು ಇಟ್ಟುಕೊಂಡು ಹಾಸ್ಟೆಲುಗಳಿಗೆ, ದೋಸೆ ಹೋಟೆಲುಗಳಿಗೆ, ಟ್ಯೂಷನ್ ಕೇಂದ್ರಗಳಿಗೆ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿಕೊಡುತ್ತಿದ್ದ ಇಪ್ಪತ್ತೆಂಟರ ಹೆಣ್ಣುಮಗಳು. ಮಿತಭಾಷಿ, ಚುರುಕು, ಎಂಥ ಗಿರಾಕಿಗೂ ಮುಖ ಬದಲಿಸದವಳು.

ಸೈಟು ಮಾಡಿದ ಮೇಲೆ ಜನರಿಗೆ ಗೊತ್ತಾಗಬೇಕಲ್ಲ. ಆಗ ಬಂದದ್ದು ಒತ್ತಿದರೆ ದುಡ್ಡು ಎಂಬ ಜಾಹೀರಾತಿನ ಪದ್ಧತಿ. ಮುಬಶ್ಶಿರಾಳ ಕಚೇರಿಯಲ್ಲಿ ಆ ದಿನ ನಾನೂ ಇದ್ದೆ. ಜಾಹೀರಾತಿನ ಒಕ್ಕಣೆಗಾಗಿ ನನ್ನನ್ನು ಎಳೆದುಕೊಂಡು ಹೋಗಿದ್ದರು.

“ಎಪಿಎಂಸಿನಾಗೆ ಹರಾಜು ಕೂಗ್ತಾರಲ್ಲಮ್ಮ, ಹಂಗೆ ಇದು,” ಎಂದಳು ಮುಬಶ್ಶಿರಾ. “ಯಾರಾದ್ರೂ ಒಂದು ಮಾತು ಹುಡುಕಿದ್ರೆ, ಆ ಮಾತಿಗೆ ನಾವೆಲ್ಲ ಕೂಗಬೇಕು. ದೊಡ್ಡ ಕಂಪನಿ ಎಂಬತ್ತು ಅಂದ್ರೆ ಅವರು ಮ್ಯಾಲೆ. ನಾವು ಹದಿನಾಲ್ಕು ಅಂದ್ರೆ ಎಲ್ಲೋ ಕೆಳಗೆ. ನಮ್ಮದನ್ನ ಯಾರಾದ್ರೂ ಒತ್ತಿದ್ರೆ ಹದಿನಾಲ್ಕು ರೂಪಾಯಿ ಖಲಾಸ್.”

“ಒತ್ತಿ, ತಗೊಂಡ್ರೆ?”

“ಬರೇ ಒತ್ತಿದ್ರೆ ಸಾಕು. ತಗೊಳ್ಳೋದು ಬಿಡೋದು ಅವರಿಷ್ಟ.”

ಕಸ್ತೂರಮ್ಮ ಕೋಟಿನ ಜೇಬಿನಿಂದ ಕೈ ತೆಗೆದರು. “ಅಲ್ಲಮ್ಮ, ನನ್ನ ಅಂಗಡಿ ಮೆಟ್ಲು ಹತ್ತಿ ಇಣುಕಿ ಹೋದವರಿಗೆಲ್ಲ ನಾನೇ ದುಡ್ಡು ಕೊಡ್ಬೇಕಾ? ಯಾವ ಊರಿನ ನ್ಯಾಯ ಇದು?”

“ಅವರಿಗಲ್ಲಮ್ಮ, ಮೆಟ್ಲು ಕಟ್ಟಿಸಿದವರಿಗೆ.”

ಆದರೂ ಒಪ್ಪಿದರು. ನಿವೃತ್ತಿಯಲ್ಲಿ ಬಂದ ಹಣದಿಂದ ಅರವತ್ತು ಸಾವಿರವನ್ನು ಸೈಟಿಗೂ ಒಂದು ವರ್ಷದ ಜಾಹೀರಾತಿಗೂ ಎಂದು ಎತ್ತಿಟ್ಟಿದ್ದರು. ಮೊದಲ ಜಾಹೀರಾತನ್ನು ಅವರೇ ಹೇಳಿ ಬರೆಸಿದರು, ವಸ್ತುಗಳ ಹೆಸರನ್ನು ಇದ್ದಂತೆಯೇ ಇಟ್ಟು. ಜಾಹೀರಾತು ತೋರಿಸುವ ದೊಡ್ಡ ಸಂಸ್ಥೆಯ ಯಂತ್ರ ಅದನ್ನು ನಾಲ್ಕು ನಿಮಿಷದಲ್ಲಿ ತಿರಸ್ಕರಿಸಿತು: ವಯಸ್ಕರ ವಿಷಯ. ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದಕ್ಕೆ ಎರಡೇ ನಿಮಿಷ ಹಿಡಿಯಿತು; ಯಂತ್ರಕ್ಕೂ ಅವರ ಪರಿಚಯವಾಗತೊಡಗಿತ್ತು. ಕಸ್ತೂರಮ್ಮ ಪ್ರತಿ ತಿರಸ್ಕಾರಕ್ಕೂ ಮೇಲ್ಮನವಿ ಸಲ್ಲಿಸಿದರು. ಅದು ಯಂತ್ರ, ಅದಕ್ಕೆ ಕನ್ನಡ ಬಾರದು, ಅದರ ಹಿಂದೆ ಕುರ್ಚಿ ಮೇಜು ಹಾಕಿಕೊಂಡು ಕುಳಿತ ಅಧಿಕಾರಿ ಯಾರೂ ಇಲ್ಲವೆಂದು ಮುಬಶ್ಶಿರಾ ಎಷ್ಟು ತಿಳಿಹೇಳಿದರೂ, ‘ಮಾನ್ಯರೇ, ಮೂವತ್ತನಾಲ್ಕು ವರ್ಷಗಳ ಸೇವಾನುಭವದ ಆಧಾರದ ಮೇಲೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರುಮಾಡಿ ಎರಡು ಪುಟ ಹೇಳಿ ಟೈಪು ಮಾಡಿಸುತ್ತಿದ್ದರು. ಉತ್ತರ ಇಂಗ್ಲಿಷಿನಲ್ಲಿ, ಬಹು ವಿನಯದಿಂದ, ಪ್ರತಿ ಸಲವೂ ಅಕ್ಷರ ವ್ಯತ್ಯಾಸವಿಲ್ಲದೆ ಬರುತ್ತಿತ್ತು. ಹೀಗೆ ಹನ್ನೊಂದು ಸಲ.

ಆಗ ನನ್ನ ಸರದಿ ಬಂತು. ತಲೆಬರಹಕ್ಕೆ ಮೂವತ್ತು ಅಕ್ಷರಗಳ ಮಿತಿ. ಮೂವತ್ತು ಅಕ್ಷರವೆಂದರೆ ನಮ್ಮ ಲೆಕ್ಕದ ಮೂವತ್ತಲ್ಲ. ಒತ್ತು, ಕೊಂಬು, ಗುಡಿಸುಗಳನ್ನೆಲ್ಲ ಯಂತ್ರ ಬೇರೆ ಬೇರೆ ಎಣಿಸುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದರ ಲೆಕ್ಕದಲ್ಲಿ ಆರು. ಮೂರು ದಿನ ಒದ್ದಾಡಿ ನಾನು ಬರೆದದ್ದು: ‘ಸ್ನಿಗ್ಧ ದಾಂಪತ್ಯಕ್ಕೆ ಸುಸ್ವಾಗತ’. ಇಪ್ಪತ್ತೆಂಟಕ್ಕೆ ನಿಂತಿತು. ಸ್ನಿಗ್ಧ ಎಂಬಲ್ಲಿ ಸ್ನೇಹವೂ ಉಂಟು, ಎಣ್ಣೆಯ ನುಣುಪೂ ಉಂಟು; ಹೇಳಬೇಕಾದದ್ದನ್ನು ಹೇಳಿಯೂ ಹೇಳದಂತಿರುವ ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕಸ್ತೂರಮ್ಮ ಓದಿ, “ಇದ್ಯಾವ ಭಾಷೆ?” ಎಂದು ಕೇಳಿದರು. ಯಂತ್ರ ಮಾತ್ರ ಒಪ್ಪಿತು.

ಹನ್ನೆರಡು ದಿನಗಳಲ್ಲಿ ನಾನೂರ ಹನ್ನೆರಡು ಜನ ಒತ್ತಿದರು. ಒಂದು ಬೆಳಿಗ್ಗೆ ಅವರ ಮನೆಗೆ ಹೋದಾಗ ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ನಾನು ಗೆದ್ದೆನೆಂದುಕೊಂಡೆ. ಕಸ್ತೂರಮ್ಮ ಫೋನನ್ನು ನನ್ನ ಕಿವಿಗೇ ಹಿಡಿದರು. ಯೋಗರಾಜ್ ಎಂಬ ಯುವಕ, ಲೋಕಿಕೆರೆಯವನು, ಬಲು ಸಂಕೋಚದಿಂದ ಹೇಳುತ್ತಿದ್ದ: “ಮೂರೂವರೆ ಎಕರೆ ನೀರಾವರಿ ಐತ್ರಿ. ಕುಡಿಯಲ್ಲ, ಸೇದಲ್ಲ. ಹುಡುಗಿ ಫೋಟೋ ಕಳಿಸ್ತೀರಾ?”

ದಾಂಪತ್ಯ ಎಂಬ ಪದ ಹಿಡಿದು ಬಂದವರೆಲ್ಲ ಹೆಣ್ಣು ಹುಡುಕುತ್ತಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯಾಗದೆ ಉಳಿದ ಬೇಸಾಯಗಾರ ಗಂಡುಮಕ್ಕಳು ಇಷ್ಟೊಂದು ಮಂದಿ ಇದ್ದಾರೆಂಬುದು ನನಗೆ ಪತ್ರಿಕೆಯಿಂದ ತಿಳಿದಿತ್ತು. ತಲೆಗೆ ಹದಿನಾಲ್ಕು ರೂಪಾಯಿ ತೆತ್ತು ತಿಳಿದವರು ಕಸ್ತೂರಮ್ಮ. ಫೋನಿಟ್ಟುಬಿಡಿ ಎಂದರೆ ಇಡಲೊಲ್ಲರು. ಒಬ್ಬೊಬ್ಬನಿಗೂ ಅರ್ಧ ಗಂಟೆ ಬುದ್ಧಿ ಹೇಳುವರು, ವಯಸ್ಸು ಕೇಳುವರು, ಎಷ್ಟು ದಿನದಿಂದ ಹುಡುಕುತ್ತಿದ್ದೀ ಎಂದು ವಿಚಾರಿಸುವರು. ಮದುವೆ ದಲ್ಲಾಳಿಯ ಕೆಲಸವನ್ನು ಕೈಯಿಂದ ಹಣ ಹಾಕಿ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ನಾನೂರ ಹನ್ನೆರಡರಲ್ಲಿ ನಿಜವಾದ ಗಿರಾಕಿಗಳು ಮೂವರು. ಯಾರು ಅವರು ಎಂದು ನಾನು ಕುತೂಹಲಕ್ಕೆ ಕೇಳಿದೆ.

“ಯಾಕ? ನಿಮಗ್ಯಾಕ ಅದು?” ಎಂದರು ಕಸ್ತೂರಮ್ಮ, ಅಷ್ಟೇನೂ ಹಿತವಲ್ಲದ ದನಿಯಲ್ಲಿ.

ಎರಡನೆಯ ಸಲ ನಾನು ಸರಳವಾಗಿ ಬರೆಯಲು ನಿರ್ಧರಿಸಿದೆ. ಅಚ್ಚಗನ್ನಡವೇ ಇರಲೆಂದು, ಗಂಡುಹೆಣ್ಣಿನ ಕೂಟ ಎಂಬರ್ಥದಲ್ಲಿ, ‘ಕೂಡುವಾಗ ನೋವೇ? ನರ್ಸನ್ನು ಕೇಳಿ’ ಎಂದೆ. ಅದೂ ಪಾಸಾಯಿತು. ಬಂದವರೆಲ್ಲ ಮೂಲವ್ಯಾಧಿಯವರು. ನಲವತ್ತು ವರ್ಷ ಇದೇ ಊರಿನಲ್ಲಿ “ಕೂಡ್ರಿ ಕೂಡ್ರಿ” ಎಂದು ಜನರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿದ ನನಗೆ ಆ ಪದಕ್ಕೆ ಇಲ್ಲಿ ಇರುವ ಅರ್ಥ ಹೊಳೆಯಲಿಲ್ಲ, ಶಬ್ದಕೋಶದ ಅರ್ಥ ಹೊಳೆಯಿತು. ಕಸ್ತೂರಮ್ಮ ಬೇಸರಪಡದೆ ಅವರಿಗೆಲ್ಲ ಬಿಸಿನೀರಿನಲ್ಲಿ ಕುಳಿತುಕೊಳ್ಳಲು ಹೇಳಿದರು. ವಾರ ಕಳೆದಂತೆ ಯಂತ್ರಕ್ಕೆ ಏನೋ ಅನುಮಾನ ಬಂದು, ಹಳೆಯದನ್ನೆಲ್ಲ ಕೆದಕಿ, ಅವರ ಖಾತೆಯನ್ನೇ ಶಾಶ್ವತವಾಗಿ ಅಮಾನತು ಮಾಡಿತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಿತೆಂದು ನಾನು ನಿಟ್ಟುಸಿರು ಬಿಟ್ಟೂ ಆಗಿತ್ತು. ಆದರೆ ವಯಸ್ಕರ ಜಾಹೀರಾತುಗಳನ್ನಷ್ಟೇ ತೆಗೆದುಕೊಳ್ಳುವ ಬೇರೆ ಸಂಸ್ಥೆಗಳಿವೆಯೆಂದು ಕಸ್ತೂರಮ್ಮ ಎಲ್ಲಿಂದಲೋ ತಿಳಿದುಬಂದರು. ಅಲ್ಲಿ ಒತ್ತಿಗೆ ಒಂದೂವರೆ ರೂಪಾಯಿಯೇ. ಆದರೆ ಮೊದಲಿಗೇ ನೂರು ಡಾಲರು ಕಟ್ಟಬೇಕು. ನಮ್ಮ ಜಿಲ್ಲೆಯವರಿಗೆ ಮಾತ್ರ ಕಾಣುವಂತೆ ಮಾಡಬೇಕಾದರೆ ಐನೂರು. ಮುಬಶ್ಶಿರಾ ಮೊದಲ ಸಲ ಮುಖ ಗಂಟಿಕ್ಕಿದಳು. “ಬ್ಯಾಡಮ್ಮ. ಅದು ಸರಿಯಾದ ಗಲ್ಲಿ ಅಲ್ಲ. ದೊಡ್ಡ ಸಾಮಾನು ಮಾರೋರಿಗೆ ಸಾವಿರ ಜನದಾಗೆ ಒಬ್ಬ ಸಿಕ್ರೂ ನಡೀತೈತೆ. ನಿಮ್ಮದು ಇನ್ನೂರ ಅರವತ್ತು ರೂಪಾಯಿ ಟ್ಯೂಬು. ಉಳಿಯೋದು ಎಪ್ಪತ್ತು.” ನಾನಂತೂ ಕೂಗಾಡಿದೆ. ಕಸ್ತೂರಮ್ಮ ನಮ್ಮಿಬ್ಬರ ಮಾತನ್ನೂ ಪೂರ್ತಿ ಕೇಳಿ, ನೂರು ಡಾಲರು ಕಟ್ಟಿದರು.

ಆರು ಸಾವಿರ ಒತ್ತುಗಳು ಒಂಬತ್ತು ದಿನದಲ್ಲಿ ಮುಗಿದವು. ಎಲ್ಲೆಲ್ಲಿಯವರೋ ಒತ್ತಿದರು, ಕೆಲವರು ಮನುಷ್ಯರೇ ಅಲ್ಲವೆಂದಳು ಮುಬಶ್ಶಿರಾ. ಜೆಲ್ಲಿನ ಚಿತ್ರವೂ ಕಸ್ತೂರಮ್ಮನವರ ಫೋನ್ ನಂಬರೂ ಬತ್ತಲೆ ಚಿತ್ರಗಳ ನಡುವೆ ಹೋಗಿ ನಿಂತವು. ಬಂದ ಆರ್ಡರು ಒಂದು. ಅದೂ ಮರುದಿನ ರದ್ದಾಯಿತು. ಬಂದ ಕರೆಗಳಿಗೆ ಲೆಕ್ಕವಿಲ್ಲ. ಆ ಗಂಡಸರು ಏನು ಹೇಳುತ್ತಿದ್ದರೆಂಬುದನ್ನು ಇಲ್ಲಿ ಬರೆಯಲಾರೆ, ಅವರು ಹೇಳಿ ಮುಗಿಸುವವರೆಗೆ ತಾಳ್ಮೆಯಿಂದ ಕೇಳಿ, “ಆತಾ? ಎಷ್ಟು ದಿನದಿಂದ ಹಿಂಗೆ? ಸಕ್ಕರೆ ಕಾಯಿಲೆ ನೋಡ್ಸಿದೀಯಾ?” ಎಂದು ಕಸ್ತೂರಮ್ಮ ಕೇಳುತ್ತಿದ್ದುದನ್ನು ಮಾತ್ರ ಬರೆಯಬಲ್ಲೆ. ಬಹಳ ಮಂದಿ ಅಲ್ಲಿಗೇ ಫೋನಿಟ್ಟುಬಿಡುತ್ತಿದ್ದರು.

ಇದನ್ನೆಲ್ಲ ಅವರು ಕೋಟಿನ ಧೂಳಿನಂತೆ ಕೊಡವಿಕೊಂಡರು. ತಗುಲಿದ್ದು ಬೇರೆ. ಅವರ ಬೀದಿಯಲ್ಲಿ ಹೆಂಗಸರ ಸ್ವಸಹಾಯ ಸಂಘವೊಂದಿದೆ. ಹದಿನೆಂಟು ವರ್ಷದ ಹಿಂದೆ ಅದನ್ನು ಕಟ್ಟಿದವರು ಕಸ್ತೂರಮ್ಮನವರೇ. ಈಗಿನ ಅಧ್ಯಕ್ಷೆ ಚೈತ್ರಾ ಎಂಬ ಯುವತಿ. ಯಾರದೋ ಮನೆಯ ಗಂಡಸಿನ ಕಣ್ಣಿಗೆ ಆ ಸೈಟಿನಲ್ಲಿ ಈ ನಂಬರು ಬಿದ್ದಿತ್ತು. ಆ ಗಂಡಸಿಗೆ ಆ ಸೈಟಿನಲ್ಲಿ ಏನು ಕೆಲಸವೆಂದು ಯಾರೂ ಕೇಳಲಿಲ್ಲ. ಚೈತ್ರಾಳ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಕಸ್ತೂರಮ್ಮನವರ ಫೋನೂ ಅವರಂತೆಯೇ, ಎಲ್ಲವನ್ನೂ ಹೊರಗೆ ಹೇಳುವಂಥದು.

“ಆಂಟಿ, ಬ್ಯಾಸ್ರ ಮಾಡ್ಕೋಬ್ಯಾಡ್ರಿ. ಎಲ್ರೂ ಸೇರಿ ಮಾತಾಡಿದ್ವಿ. ಸ್ವಲ್ಪ ದಿನ ನೀವು ಸಂಘಕ್ಕೆ ಬರೋದು ಬ್ಯಾಡ.”

“ಆತಮ್ಮ,” ಎಂದರು ಕಸ್ತೂರಮ್ಮ. ಫೋನು ಕೆಳಗಿಟ್ಟು, ಪೆಟ್ಟಿಗೆಗಳಿಗೆ ಅಂಟಿಸುವ ಟೇಪಿನ ಸುರುಳಿಯಲ್ಲಿ ಅದರ ತುದಿಗಾಗಿ ಬಹಳ ಹೊತ್ತು ಉಗುರಿನಿಂದ ಕೆರೆದರು. ತುದಿ ಸಿಗಲಿಲ್ಲ. ಆಮೇಲೆ ಹೇಳಿದರು, “ಈ ಹುಡುಗಿ ಹುಟ್ಟುವಾಗ ಉಲ್ಟಾ ಇತ್ತು ಮೇಷ್ಟ್ರೇ. ಕಾಲು ಮೊದ್ಲು ಬಂತು. ಡಾಕ್ಟರು ಬರೋ ಹೊತ್ತಿಗೆ ನಾನೇ ತೆಗ್ದಿದ್ದೆ.”

ಅವರು ಆ ಮಾತನ್ನು ಎಂದಿನ ದನಿಯಲ್ಲೇ ಹೇಳಿದರು. ನನಗೆ ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂತು. ಬೇಕಿತ್ತೇ ಇದೆಲ್ಲ, ಪಿಂಚಣಿ ಬರುತ್ತದೆ, ಮನೆ ಸ್ವಂತದ್ದು, ಯಾರು ಬಂದು ಇವರನ್ನು ಬೇಡಿಕೊಂಡಿದ್ದರು ಎಂದು ಅವರೆದುರಿಗೇ ಹೇಳಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೆ. ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳತೊಡಗಿದೆ.

ನನ್ನ ಹೆಂಡತಿ ನೀಲಾಂಬಿಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನ್ನ ಮಾತುಗಳನ್ನು ಅವಳು ಪೂರ್ತಿ ಕೇಳುವುದು ಅಪರೂಪ, ಅಂದು ಕೇಳಿದಳು. ಅರವತ್ತು ಸಾವಿರದಲ್ಲಿ ಅರ್ಧದಷ್ಟು ಸೈಟಿಗೂ ಒತ್ತುಗಳಿಗೂ ಕರಗಿದೆ, ಮೊದಲ ಸಲದ ಲೆಕ್ಕದಲ್ಲಿ ಒಬ್ಬ ಗಿರಾಕಿಗೆ ಎರಡು ಸಾವಿರದ ಹತ್ತಿರ ಬಿದ್ದಿದೆ, ಅಷ್ಟೆಲ್ಲ ಮಾಡಿ ಸಿಕ್ಕವರು ಮೂವರು, ಇಂಥದ್ದನ್ನು ತರಿಸಿಕೊಳ್ಳುವ ಆ ಮೂವರು ಯಾರೋ ಪುಣ್ಯಾತ್ಮರು ಎಂದೆ.

“ಅದ್ರಾಗೆ ಒಬ್ಳು ನಾನು,” ಎಂದಳು ನೀಲಾ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ.

“ಫೋನಿನಾಗೆ ಕಾಣ್ತು, ಒತ್ತಿದೆ. ಓದಿದ ಕೂಡ್ಲೆ ನೀವು ಬರ್ದಿದ್ದು ಅಂತ ಗೊತ್ತಾತು. ಇಷ್ಟು ಸುತ್ತು ಹಾಕಿ ಮಾತಾಡೋರು ಈ ಊರಾಗೆ ಬೇರೆ ಯಾರದಾರೆ? ಆಮ್ಯಾಲೆ ಕಸ್ತೂರಮ್ಮನ ಜೊತೆ ಫೋನಿನಾಗೆ ಮಾತಾಡ್ದೆ. ಎಲ್ಲ ಹೇಳ್ಕೊಟ್ರು.”

“ನನಗೊಂದು ಮಾತು ಹೇಳಬಹುದಿತ್ತು,” ಎಂದೆ.

“ಹೇಳಿದ್ದೆ. ಏಳೆಂಟು ವರ್ಷ ಆತು. ಡಾಕ್ಟ್ರಿಗೆ ತೋರ್ಸು ಅಂದು ಪೇಪರ್ ಓದಿದ್ರಿ.”

ಅವಳ ಮಾತಿನಲ್ಲಿ ಆಪಾದನೆಯಿರಲಿಲ್ಲ. ಲೆಕ್ಕದ ಉತ್ತರ ಹೇಳುವಂತೆ ಹೇಳಿದ್ದಳು. ಏಳೆಂಟು ವರ್ಷದ ಹಿಂದಿನ ಆ ದಿನ ನನಗೆ ನೆನಪಾಗಲಿಲ್ಲ. ನೆನಪಾದದ್ದು ಅದಾದ ಮೇಲಿನ ವರ್ಷಗಳು: ಅವಳು ಮೊಮ್ಮಗಳ ಕೋಣೆಯಲ್ಲಿ ಮಲಗತೊಡಗಿದ್ದು, ವಯಸ್ಸಾಯಿತಲ್ಲ, ಇರಲಿ ಎಂದು ನಾನು ಅದನ್ನು ವೈರಾಗ್ಯವೆಂದು ತಿಳಿದು ನನ್ನಲ್ಲೂ ಅದೇ ಗುಣವನ್ನು ಮೆಚ್ಚಿಕೊಂಡದ್ದು. ಪದಗಳ ಹುಟ್ಟಿನ ಬಗ್ಗೆ ವಾರವಾರವೂ ಬರೆಯುತ್ತಿದ್ದವನ ಮನೆಯಲ್ಲಿ ಒಂದು ಪದ ಅಷ್ಟು ವರ್ಷ ಹುಟ್ಟದೆ ಉಳಿದಿತ್ತು. ಊಟ ಮುಗಿಸಲಾಗಲಿಲ್ಲ. ನೀಲಾ ನನ್ನ ತಟ್ಟೆಗೆ ಮಜ್ಜಿಗೆ ಬಡಿಸಿ, “ಉಣ್ರಿ ಮೊದ್ಲು,” ಎಂದಳು.

ಮರುದಿನ ಹರಿಹರಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಅವರ ಬಾಗಿಲಲ್ಲಿ ಚದುರಿಹೋಯಿತು. ಕೊನೆಗೆ, “ನಿಮ್ಮ ಗಿರಾಕಿಯೊಬ್ಬರು ನಮ್ಮ ಮನೆಯಲ್ಲೇ ಇದ್ದಾರಂತೆ,” ಎಂದೆ.

ಕಸ್ತೂರಮ್ಮ ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಲಿಲ್ಲ. “ಇರಬೌದು. ನನಗೆ ಗಿರಾಕಿಗಳ ಹೆಸ್ರು ನೆನಪಿರಲ್ಲ ಮೇಷ್ಟ್ರೇ.”

ಮೂವತ್ತು ವರ್ಷದ ಹಿಂದೆ ಹುಟ್ಟಿದ ಕೂಸುಗಳ ತೂಕವನ್ನು ಗ್ರಾಮಿನ ಸಹಿತ ಹೇಳುವ ಹೆಂಗಸು! ತಿಂಗಳುಗಟ್ಟಲೆ ನಮ್ಮ ಮನೆಗೆ ಬಂದು, ನೀಲಾ ಕೊಟ್ಟ ಚಹ ಕುಡಿದು, ಅವಳೆದುರಿಗೇ ನನ್ನ ತಲೆ ತಿಂದು ಹೋದವರು. ಒಮ್ಮೆಯಾದರೂ ಅವರ ಕಣ್ಣಿನಲ್ಲಿ ಒಂದು ಸನ್ನೆ ಮಿಂಚಿದ್ದನ್ನು ನಾನು ಕಾಣೆ. ವಿಷಯವನ್ನು ಬಸ್ಸಿಗೆಲ್ಲ ಸಾರಿದವರು ವ್ಯಕ್ತಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವರ ದನಿಯನ್ನಷ್ಟೇ ಕೇಳಿ ನಾನು ಅವರನ್ನು ಅಳೆದಿದ್ದೆ.

ಆ ದಿನ ಅಲ್ಲೇ ಕುಳಿತು, ಅವರು ಕೇಳದೆಯೇ, ಇನ್ನೊಂದು ಸಾಲು ಬರೆದೆ: ‘ಮುಟ್ಟು ನಿಂತ ಮೇಲೆ ಕೂಟದ ನೋವೇ?’ ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ. ಕಸ್ತೂರಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಈಗ ಕನ್ನಡ ಆತು ನೋಡ್ರಿ,” ಎಂದರು.

ಮುಬಶ್ಶಿರಾ ಇನ್ನೊಂದು ಸಂಸ್ಥೆಯಲ್ಲಿ, ತನ್ನ ಕಚೇರಿಯ ಹೆಸರಿನಲ್ಲಿ ಖಾತೆ ತೆರೆದಳು. ‘ಕೂಟ’ ಎಂಬುದರ ಅರ್ಥ ಆ ಯಂತ್ರಕ್ಕೆ ತಿಳಿಯಲು ಮೂರು ದಿನ ಬೇಕಾಯಿತು. ಆ ಮೂರು ದಿನದಲ್ಲಿ ಐವತ್ತೆರಡು ಜನ ಒತ್ತಿದರು. ಹತ್ತೊಂಬತ್ತು ಜನ ಫೋನು ಮಾಡಿದರು, ಎಲ್ಲ ಹೆಂಗಸರೇ. ಕೆಲವರು ಹಿತ್ತಲಿನಿಂದ, ಒಬ್ಬಾಕೆ ಹೊಲದಿಂದ. ಆರು ಪೆಟ್ಟಿಗೆ ಹೋದವು. ನಾಲ್ಕನೆಯ ದಿನ ಯಂತ್ರ ಎಚ್ಚೆತ್ತು ಜಾಹೀರಾತನ್ನು ತೆಗೆದುಹಾಕಿತು.

ಮುಬಶ್ಶಿರಾ ಲೆಕ್ಕ ಹಾಕಿದಳು. “ಒಂದು ಟ್ಯೂಬಿಗೆ ನೂರ ಇಪ್ಪತ್ತು ಜಾಹೀರಾತಿಗೇ ಹೋತಮ್ಮ. ಉಳಿಯೋದು ಎಪ್ಪತ್ತು. ಅಂದ್ರೆ ಒಂದೊಂದಕ್ಕೂ ನೀವೇ ಐವತ್ತು ರೂಪಾಯಿ ಕೊಟ್ಟು ಮಾರ್ದಂಗೆ. ಇಷ್ಟು ಚಲೋ ನಡೆದಾಗ್ಲೇ ಹಿಂಗೆ.”

“ಆರು ಮನಿಗೆ ಮುಟ್ತಲ್ಲ,” ಎಂದರು ಕಸ್ತೂರಮ್ಮ. “ಇನ್ನೊಮ್ಮೆ ಹಾಕು. ಒಂದು ಅಕ್ಷರ ಬದ್ಲಿ ಮಾಡಿ ಹಾಕು.”

ಅಂದಿನಿಂದ ಹಾಗೇ ನಡೆದಿದೆ. ಎತ್ತಿಟ್ಟ ಹಣ ಮುಗಿದು ಬಹಳ ತಿಂಗಳಾದವು. ಈಗ ಪಿಂಚಣಿಯಲ್ಲಿ ತಿಂಗಳಿಗೆ ಒಂದೂವರೆ ಸಾವಿರ ಇದಕ್ಕೆ ಹೋಗುತ್ತದೆ. ನಾವು ಸಾಲಿನ ಒಂದು ಅಕ್ಷರ ಬದಲಿಸುತ್ತೇವೆ, ಅದು ಎರಡು ದಿನವೋ ಮೂರು ದಿನವೋ ಬದುಕುತ್ತದೆ, ಯಂತ್ರ ಅದನ್ನು ಕೊಲ್ಲುತ್ತದೆ. ನಾನು ಹದಿನಾಲ್ಕು ಬಗೆಯಲ್ಲಿ ಅದನ್ನು ಬರೆದಿದ್ದೇನೆ. ಅಂಗಡಿಗೆ ಲಾಭ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಚೈತ್ರಾಳ ಸಂಘದಿಂದ ಕರೆಯೂ ಬಂದಿಲ್ಲ. ಸಂಘದ ಹೆಂಗಸರಲ್ಲಿ ಯಾರಾದರೂ ಪೆಟ್ಟಿಗೆ ತರಿಸಿಕೊಂಡಿದ್ದಾರೆಯೇ ಎಂದು ಕೇಳುವ ತಪ್ಪನ್ನು ನಾನು ಮತ್ತೆ ಮಾಡಿಲ್ಲ. ಹೋದ ವಾರ ಮುಬಶ್ಶಿರಾಳ ಮೆಟ್ಟಿಲಿನ ಮೇಲೆ ನಿಂತು ನನಗೂ ಕಸ್ತೂರಮ್ಮನವರಿಗೂ ಜೋರು ಜಗಳವಾಯಿತು. ‘ನೋವೇ’ ಎಂದಿರಬೇಕೋ ‘ನೋವಾ’ ಎಂದಿರಬೇಕೋ ಎಂಬುದು ವಿಷಯ. ಕೆಳಗೆ ಬಟ್ಟೆ ಅಂಗಡಿಯ ಗಿರಾಕಿಗಳೆಲ್ಲ ಕತ್ತೆತ್ತಿ ನೋಡಿದರು. ನಾನು ದನಿ ತಗ್ಗಿಸಬೇಕೆಂದುಕೊಂಡೆ, ತಗ್ಗಿಸಲಿಲ್ಲ.

ಇಂಥವರೊಂದಿಗೆ ಬಾಳುವುದು ಸುಲಭವಲ್ಲವೆಂದು ನಾನು ಈಗಲೂ ಹೇಳುತ್ತೇನೆ. ಅವರಿಗೆ ಸಮಯಾಸಮಯಗಳ ಅರಿವಿಲ್ಲ, ಲಾಭನಷ್ಟದ ಲೆಕ್ಕ ತಲೆಗೆ ಹತ್ತುವುದಿಲ್ಲ, ಯಾರ ಸಂಕೋಚಕ್ಕೂ ಅವರಲ್ಲಿ ರಿಯಾಯಿತಿಯಿಲ್ಲ. ನಾವು ಸಭ್ಯತೆಯೆಂದು ಕರೆದುಕೊಳ್ಳುವ ಮೌನ ನಮಗೆ ಪುಕ್ಕಟೆಯಾಗಿ ದೊರೆತದ್ದೆಂದು ತಿಳಿದಿರುತ್ತೇವೆ. ಅದರ ಬೆಲೆಯನ್ನು ಒಳಮನೆಗಳಲ್ಲಿ ಯಾರೋ ವರ್ಷಗಟ್ಟಲೆ ತೆರುತ್ತಿರುತ್ತಾರೆ, ಆ ಸಾಲವನ್ನು ತೀರಿಸಲು ಯಾರೂ ಹೇಳದಿದ್ದರೂ ಇಂಥವರೊಬ್ಬರು ಕೈಯಿಂದ ಹಾಕುತ್ತ ಹೋಗುತ್ತಾರೆ. ಊರಿಗೆ ಇಂಥವರೊಬ್ಬರಿದ್ದರೆ ಊರಿಗೆಲ್ಲ ತಲೆನೋವು, ನಿಜ. ಅವರಿಲ್ಲದ ಊರಿನಲ್ಲಿ ತಲೆನೋವು ಇರುವುದಿಲ್ಲ. ಉಳಿದ ನೋವೆಲ್ಲ ಇರುತ್ತದೆ.